ಎದಿ ಬಲ ಐತಿ

ಸಾಲೆಯಲ್ಲಿ ಒಂದೇ ಪದದ ಎರಡು ಅರ್ಥಗಳನ್ನು ಹೇಳಿಕೊಡುವಾಗ ನಾನು ‘ಬಲ’ ಎಂಬ ಪದವನ್ನು ಬಿಟ್ಟುಬಿಡುತ್ತೇನೆ. ಪಾಠದ ಪುಸ್ತಕದಲ್ಲಿ ಅದೇ ಮೊದಲು ಬರುತ್ತದೆ: ಬಲ ಎಂದರೆ ಶಕ್ತಿ, ಬಲ ಎಂದರೆ ಎಡಕ್ಕೆ ಎದುರಾದ ದಿಕ್ಕು. ನಾನು ಅದರ ಕೆಳಗಿನ ಪದದಿಂದ ಶುರು ಮಾಡುತ್ತೇನೆ. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು, “ಅಕ್ಕೋರ, ಮೊದಲಿಂದು ಬಿಟ್ರಿ” ಎಂದಳು. “ಬಿಟ್ಟೇನಿ, ಕುಂದರ” ಎಂದೆ. ನನ್ನ ದನಿ ಎಷ್ಟು ಒರಟಾಗಿತ್ತೆಂದರೆ ಇಡೀ ವರ್ಗ ತಲೆ ತಗ್ಗಿಸಿ ಪಾಟಿ ಒರೆಸತೊಡಗಿತು. ಆ ಸಿಟ್ಟು ಹುಡುಗಿಯ ಮೇಲಿನದಲ್ಲ. ಅದು ಹಳೆಯದು. ಬರೆದರೆ ಆರುತ್ತದೆ ಎನ್ನುವ ಭರವಸೆಯೂ ನನಗಿಲ್ಲ. ಆದರೂ ಗೋಕಾವಿಯ ಈ ಬಾಡಿಗೆ ಕೋಣೆಯಲ್ಲಿ ಕೂತು, ಯುದ್ಧದ ದೆಸೆಯಿಂದ ಕಾಗದ ಸಿಗದ ಈ ದಿನಗಳಲ್ಲಿ, ಹಳೆಯ ಪರೀಕ್ಷೆಯ ಹಾಳೆಗಳ ಬೆನ್ನ ಮೇಲೆ ಬರೆಯುತ್ತಿದ್ದೇನೆ.

ನನ್ನ ಅಕ್ಕನ ಗುಂಡಿಗೆ ಎದೆಯ ಬಲಭಾಗದಲ್ಲಿದೆ. ಗುಂಡಿಗೆ ಮಾತ್ರವಲ್ಲ, ಎಲ್ಲರಿಗೂ ಬಲಕ್ಕಿರುವ ಪಿತ್ತಕೋಶ ಅವಳಿಗೆ ಎಡಕ್ಕೆ, ಎಡಕ್ಕಿರುವ ಜಠರ ಬಲಕ್ಕೆ. ಒಳಗಿನದೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು. ಧಾರವಾಡದಲ್ಲಿ ಕಾಲೇಜು ಓದುವಾಗ ಒಂದು ವೈದ್ಯಕೀಯ ಪುಸ್ತಕದಲ್ಲಿ ಇದಕ್ಕೆ ಲ್ಯಾಟಿನ್ ಹೆಸರೊಂದು ಇರುವುದನ್ನು ನೋಡಿದೆ. ತೀರ ಅಪರೂಪ, ಆದರೆ ಎಲ್ಲವೂ ಒಟ್ಟಿಗೆ ತಿರುಗಿ ಕೂತಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಇಂಥವರು ಎಲ್ಲರಂತೆ ಬದುಕುತ್ತಾರೆ, ಹಡೆಯುತ್ತಾರೆ, ಮುದುಕರಾಗುತ್ತಾರೆ ಎಂದು ಅಲ್ಲಿತ್ತು. ಅಷ್ಟನ್ನು ಓದಿ ಪುಸ್ತಕ ಮುಚ್ಚಿ ಹೊರಗೆ ಬಂದು ನಿಂತೆ. ಅಷ್ಟು ಹೊತ್ತಿಗೆ ಈ ಕಾರಣಕ್ಕೆ ಅಕ್ಕನ ಒಂದು ಸಂಸಾರ ಮುರಿದು ವರ್ಷಗಳಾಗಿದ್ದವು.

ಮೊದಲಿನಿಂದ ಹೇಳಬೇಕು. ಆದರೆ ಮೊದಲಿನದು ನನಗೆ ಸರಿಯಾಗಿ ನೆನಪಿಲ್ಲ. ಹಿಂದಿನ ದೊಡ್ಡ ಲಡಾಯಿ ಮುಗಿಯುವ ಹೊತ್ತಿಗೆ ಊರೂರಿಗೆ ಜ್ವರ ಹಬ್ಬಿತಲ್ಲ, ಆಗ ನಾನು ಇನ್ನೂ ಅವ್ವನ ಸೆರಗು ಹಿಡಿದು ತಿರುಗುವ ಕೂಸು, ಅಕ್ಕ ಎಮ್ಮೆ ಮೇಯಿಸುವಷ್ಟು ದೊಡ್ಡವಳು. ನಮ್ಮೂರು ಕುಲಗೋಡಕ್ಕೆ ಒಬ್ಬ ಸರಕಾರಿ ಡಾಕ್ಟರ ಬಂದ. ಕುದುರೆಯ ಮೇಲೆ ಬಂದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಅವ್ವ ಹೇಳುವ ಪ್ರಕಾರ ಎತ್ತಿನ ಗಾಡಿಯಲ್ಲಿ ಬಂದ, ಕುದುರೆ ಇರಲೇ ಇಲ್ಲ. ಕುದುರೆಯನ್ನೇ ನಾನು ಹುಟ್ಟಿಸಿಕೊಂಡಿದ್ದರೆ ಮುಂದಿನದನ್ನು ಎಷ್ಟು ನಂಬಬೇಕು? ಮುಂದಿನದನ್ನು ಮನೆಯಲ್ಲಿ ನೂರು ಸಲ ಕೇಳಿದ್ದೇನೆ. ಹಾಗೆ ಕೇಳಿದ್ದೇ ಈಗ ನೆನಪಾಗಿ ಕೂತಿರಬೇಕು.

ಡಾಕ್ಟರ ಮರಾಠಿಯವನು. ಕನ್ನಡ ಅವನಿಗೆ ಹಲ್ಲಿಗೆ ಸಿಕ್ಕ ಕಲ್ಲು. ಮಠದ ಕಟ್ಟೆಯ ಮೇಲೆ ಜ್ವರದವರನ್ನು ಸಾಲಾಗಿ ಕೂರಿಸಿದ್ದರು. ಅಕ್ಕನ ಸರದಿ ಬಂದಾಗ ಎದೆಯ ಎಡಕ್ಕೆ ನಳಿಗೆ ಇಟ್ಟ. ಹುಬ್ಬು ಗಂಟಿಕ್ಕಿದ. ನಳಿಗೆ ಕೆಟ್ಟಿತೇನೋ ಎಂದು ತನ್ನ ಎದೆಗೇ ಇಟ್ಟು ನೋಡಿಕೊಂಡ. ಮತ್ತೆ ಅಕ್ಕನ ಎದೆಗಿಟ್ಟು ಸರಿಸುತ್ತ ಸರಿಸುತ್ತ ಬಲಕ್ಕೆ ಬಂದವನು ನಕ್ಕುಬಿಟ್ಟ. ಕಂಪೌಂಡರನನ್ನು ಕರೆದು ಅವನಿಗೂ ಕೇಳಿಸಿದ. ಆಮೇಲೆ ಅಪ್ಪನ ಕಡೆ ತಿರುಗಿ, “ಪೋರಿ ಎದಿ ಬಲ ಐತಿ. ಘಾಬರಿ ನಕೋ” ಎಂದು, ಹೆದರಬೇಡ ಎನ್ನುವಂತೆ ಕೈಯಾಡಿಸಿದ.

ಅಪ್ಪ ಕೇಳಿದ್ದು ಅಷ್ಟು. ಅಥವಾ ಅಪ್ಪ ಹೇಳಿದ್ದು ಅಷ್ಟು.

ಆ ಜ್ವರದಲ್ಲಿ ನಮ್ಮ ಅಜ್ಜಿ ಹೋದಳು, ತೊಟ್ಟಿಲಲ್ಲಿದ್ದ ತಮ್ಮ ಹೋದ. ಅಕ್ಕ ಉಳಿದಳು. ಡಾಕ್ಟರನ ಮಾತು ಖರೆ ಎನ್ನಲು ಅಪ್ಪನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅಂದಿನಿಂದ ಅಕ್ಕ ‘ಎದಿ ಬಲದಾಕಿ’ ಆದಳು. ಕೇಳುವವರಿಗೆ ಇದು ಹೊಗಳಿಕೆ. ನನಗೆ ಕಂಡದ್ದು ಬೇರೆ. ಹೊಳೆಯಿಂದ ದೊಡ್ಡ ಕೊಡ ಯಾರು ಹೊರಬೇಕು? ಎದಿ ಬಲದಾಕಿ. ಹಾಯುವ ಎಮ್ಮೆಯನ್ನು ಯಾರು ಹಿಂಡಬೇಕು? ಎದಿ ಬಲದಾಕಿ. ಸಾಲೆಗೆ ಕಳಿಸುವ ಮಾತು ಬಂದಾಗ ಅಪ್ಪ ನನ್ನನ್ನು ತೋರಿಸಿ, “ಇದು ಕಡ್ಡಿ ಇದ್ದಂಗ ಐತಿ, ಹೊಲಕ್ಕ ಬರಂಗಿಲ್ಲ, ಸಾಲಿಗರೆ ಹೋಗ್ಲಿ” ಎಂದ. ನಾನು ಬಿ.ಎ. ಆದದ್ದು ಹೀಗೆ. ಒಬ್ಬ ಡಾಕ್ಟರ ಕನ್ನಡ ತಪ್ಪಾಡಿದ್ದರಿಂದ.

ಅಕ್ಕನಿಗೆ ಹುಕ್ಕೇರಿಯ ಸಂಬಂಧ ಬಂತು. ತಂಬಾಕಿನ ವ್ಯಾಪಾರದ ಮನೆ. ಮಾತು ನಡೆದದ್ದು ಅವರ ಮನೆಯ ಕಟ್ಟೆಯ ಮೇಲೆ. ಅಲ್ಲಿ ನಾನಿರಲಿಲ್ಲ, ಆದರೆ ಹೋಗಿಬಂದವರೆಲ್ಲ ಒಂದೇ ರೀತಿ ಹೇಳಿದ್ದರಿಂದ ಇದನ್ನು ಧೈರ್ಯವಾಗಿ ಬರೆಯುತ್ತೇನೆ. ಅಪ್ಪ ಎಂದನಂತೆ: “ನಮ್ಮ ಹುಡುಗಿ ಎದಿ ಬಲ ಐತ್ರಿ. ನಾ ಹೇಳೂ ಮಾತಲ್ಲ, ಡಾಕ್ಟರ ನಳಗಿ ಹಚ್ಚಿ ನೋಡಿ ಹೇಳ್ಯಾನ.”

ಬೀಗರು ನಕ್ಕು, “ಛಲೋ ಆತು. ನಮ್ಮ ಮನಿಯಾಕಿ ಕೈಯಾಗ ಬಾಳೇ ಮಾಡಾಕ ಎದಿ ಬಲಾನ ಬೇಕ್ರಿ” ಎಂದರಂತೆ. ಒಳಗಿನಿಂದ ಅವರ ಮನೆಯಾಕೆ, “ಕೇಳಸ್ತೈತಿ ನನಗ” ಎಂದಳಂತೆ. ಎಲ್ಲರೂ ನಕ್ಕರು, ವೀಳ್ಯವಾಯಿತು, ಮದುವೆಯಾಯಿತು.

ಮಕ್ಕಳಾಗಲಿಲ್ಲ. ಮೂರನೆಯ ವರ್ಷಕ್ಕೆ ಅಕ್ಕನ ಅತ್ತೆ ಅವಳನ್ನು ರೈಲು ಹತ್ತಿಸಿ ಮಿರಜದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿ ಕತ್ತಲೆಯ ಕೋಣೆಯೊಂದರಲ್ಲಿ ನಿಲ್ಲಿಸಿ ಎದೆ ಹೊಟ್ಟೆಗಳ ಫೋಟೋ ತೆಗೆದರು. ಡಾಕ್ಟರು ಸ್ಪಷ್ಟವಾಗಿ, ಒಳ್ಳೆಯ ಕನ್ನಡದಲ್ಲಿ, ಎರಡು ಸಲ ಹೇಳಿದರು ಎಂದು ಅಕ್ಕ ಹೇಳುತ್ತಾಳೆ: ನಿಮ್ಮ ಸೊಸೆಯ ಗುಂಡಿಗೆ ಬಲಕ್ಕಿದೆ, ಉಳಿದ ಅಂಗಗಳೂ ಹಾಗೇ ಮಗ್ಗಲು ಬದಲಿಸಿವೆ, ಇದರಿಂದ ಏನೂ ತೊಂದರೆಯಿಲ್ಲ, ಮಕ್ಕಳಾಗಲು ಇದು ಅಡ್ಡಿಯಲ್ಲ, ಬೇಕಿದ್ದರೆ ಮಗನನ್ನೂ ಒಮ್ಮೆ ಕರೆದುಕೊಂಡು ಬನ್ನಿ. ಅತ್ತೆಯ ಕಿವಿಗೆ ಮೊದಲ ಅರ್ಧ ಹೋಯಿತು. ಉಳಿದರ್ಧ, ಅದರಲ್ಲೂ ಮಗನ ಮಾತು, ಹೋಗಲೇ ಇಲ್ಲ.

ಮರುವಾರ ಅಕ್ಕನ ಮೈದುನ ಅವಳನ್ನು ಘಟಪ್ರಭಾ ಸ್ಟೇಶನ್ನಿನಲ್ಲಿ ಟ್ರಂಕಿನ ಜೊತೆ ಇಳಿಸಿ ಹೋದ. ಮನೆಗೆ ಬಂದ ಅಕ್ಕ ಅಂಗಳದಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ಅಪ್ಪನಿಗೆ ಅರ್ಥವಾಗಲಿಲ್ಲ.

“ಬಲಕ್ಕ ಅಂದ್ರ?”

“ಬಲಗಡೆರಿ ಅಪ್ಪಾ. ಈ ಕಡೆ.” ಅವಳು ಕೈಯಿಟ್ಟು ತೋರಿಸಿದಳು.

“ನಿಮ್ಮತ್ತಿ ಏನಂತಾಳ?”

“ಎಡವಟ್ಟ ಅಂತಾಳ.”

ಈ ಮಾತನ್ನು ನಾನು ಕಿವಿಯಾರೆ ಕೇಳಿದೆ. ಕೈಯಿಂದ ತಂಬಿಗೆ ಜಾರಿದರೆ, ಗಾಡಿಯ ಗಾಲಿ ಕಳಚಿದರೆ ನಾವು ಎಡವಟ್ಟಾಯಿತು ಎನ್ನುತ್ತೇವೆ. ಬೆಳೆದ ಹೆಂಗಸೊಬ್ಬಳ ಇಡೀ ದೇಹಕ್ಕೆ ಆ ಹೆಸರಿಟ್ಟು ಟ್ರಂಕಿನ ಜೊತೆ ಕಳಿಸಿದ್ದರು. ಅದೂ ಗುಂಡಿಗೆ ಬಲಕ್ಕಿದ್ದವಳಿಗೆ ಎಡದ ಹೆಸರು. ಬೈಯುವುದರಲ್ಲೂ ಅವರಿಗೆ ದಿಕ್ಕು ಗೊತ್ತಿರಲಿಲ್ಲ.

ಮೂಡಲಗಿಯಲ್ಲಿ ನಮ್ಮ ಸೋದರಮಾವನ ಮನೆ. ಎರಡೂ ಕಡೆಯವರು ಸಂತೆಯ ದಿನ ಅಲ್ಲಿ ಸೇರುವುದೆಂದು ನಿಶ್ಚಯವಾಯಿತು. ಅಕ್ಕನನ್ನು ತಿರುಗಿ ಕರೆದುಕೊಳ್ಳುತ್ತಾರೋ ಇಲ್ಲವೋ ಎನ್ನುವುದೇ ಪ್ರಶ್ನೆ. ಗಂಡಸರು ಪಡಸಾಲೆಯಲ್ಲಿ ಕೂತರು. ಅಕ್ಕನ ಗಂಡ ಬಂದಿರಲಿಲ್ಲ, ಅವನ ತಂದೆ ಬಂದಿದ್ದ, ಜೊತೆಗೆ ಹುಕ್ಕೇರಿಯ ಒಬ್ಬಿಬ್ಬರು ಹಿರಿಯರು. ಅವ್ವ, ಅಕ್ಕ, ನಾನು ಅಡಿಗೆಮನೆಯಲ್ಲಿ. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಬಂದವರಿಗೆ ಊಟ ಹಾಕಬೇಕಲ್ಲ. ತನ್ನ ನ್ಯಾಯಕ್ಕೆ ಕೂತವರಿಗೆ ತಾನೇ ರೊಟ್ಟಿ ಬಡಿಯುವುದು ಅಂದು ಯಾರಿಗೂ ವಿಚಿತ್ರ ಅನಿಸಲಿಲ್ಲ. ನನಗೂ ಅನಿಸಲಿಲ್ಲ ಎಂದೇ ತೋರುತ್ತದೆ. ಈ ಸಿಟ್ಟು ಅಂದಿನದೋ, ಓದಿದ ಮೇಲೆ ಹಿಂದಕ್ಕೆ ಒಯ್ದು ಇಟ್ಟದ್ದೋ, ಖಂಡಿತ ಹೇಳಲಾರೆ. ದಿನಚರಿ ಬರೆಯಲು ಶುರು ಮಾಡಿದ್ದು ಕಾಲೇಜಿಗೆ ಹೋದ ಮೇಲೆ.

ಹೊರಗಿನ ಮಾತು ಮಾತ್ರ ಕೇಳಿಸುತ್ತಿತ್ತು.

“ನಮಗ ಮೋಸ ಆಗೇತಿ” ಎಂದ ಅಕ್ಕನ ಮಾವ. “ಹುಡುಗಿ ಮೈಯಾಗಿಂದು ಮುಚ್ಚಿಟ್ಟು ಕೊಟ್ಟೀರಿ.”

ಅಪ್ಪನ ಕೈಯ ಅಡಕೊತ್ತಿನ ಸದ್ದು ನಿಂತಿತ್ತು. ಆಮೇಲೆ ಅವನ ದನಿ ಬಂತು, ಸಂತೆಯಲ್ಲಿ ಎತ್ತಿನ ವ್ಯಾಪಾರಕ್ಕೆ ನಿಂತಾಗಿನ ದನಿ.

“ನಿಮ್ಮ ಕಟ್ಟಿ ಮ್ಯಾಲ ಕುಂತು ನಾ ಏನ್ ಹೇಳಿದ್ನಿ, ನೆನಪ ಮಾಡ್ಕೋರಿ.”

“ಏನ್ ಹೇಳಿದ್ರಿ? ಎದಿ ಬಲ ಐತಿ ಅಂದ್ರಿ.”

“ಡಾಕ್ಟರ ನೋಡ್ಯಾನ ಅಂತನೂ ಹೇಳಿದ್ನಿಲ್ಲೋ?”

“ಹೇಳಿದ್ರಿ.”

“ಈಗ ಮಿರಜದ ಡಾಕ್ಟರ ಏನಂದಾನ?”

“ಎದಿ ಬಲಕ್ಕ ಐತಿ ಅಂದಾನ.”

“ಮತ್ತ?” ಎಂದ ಅಪ್ಪ. “ನಾ ಮದಲ ಹೇಳಿದ್ದನ್ನ ನೀವು ರೊಕ್ಕಾ ಖರ್ಚ ಮಾಡಿ ಕೇಳ್ಕೊಂಡ ಬಂದೀರಿ. ಇದರಾಗ ಮೋಸ ಎಲ್ಲೆ ಐತ್ರಿ?”

ಹುಕ್ಕೇರಿಯ ಹಿರಿಯನೊಬ್ಬ ಖೊಕ್ಕೆಂದು ನಕ್ಕ. “ಹಿಡದ್ರಲ್ಲೋ ಬೀಗರು ನಿಮ್ಮನ್ನ” ಎಂದ. ನಮ್ಮ ಸೋದರಮಾವ ನಕ್ಕ. ಎಲ್ಲರೂ ನಕ್ಕರು. ಅಕ್ಕನ ಮಾವ, “ಏ, ಭಾಳ ಬೆರಕಿ ಅದಾನಿಂವ” ಎನ್ನುತ್ತ ತಾನೂ ನಕ್ಕದ್ದು ಕೇಳಿಸಿತು. ಎಲೆಯಡಿಕೆಯ ತಟ್ಟೆ ಆ ಕೈಯಿಂದ ಈ ಕೈಗೆ ಸರಿಯಿತು.

ಅಪ್ಪ ಸುಳ್ಳು ಹೇಳಿದ್ದ. ಮೂರು ವರ್ಷದ ಹಿಂದೆ ಆ ಕಟ್ಟೆಯ ಮೇಲೆ ಅವನು ಹೇಳಿದ್ದು ಶಕ್ತಿಯ ಮಾತು. ಅಂಗಳದಲ್ಲಿ ನಿಂತು ‘ಬಲಕ್ಕ ಅಂದ್ರ?’ ಎಂದು ಮಗಳನ್ನು ಕೇಳಿದವನು ಅವನೇ. ಆದರೆ ಆಡಿದ ಮಾತು ಅಕ್ಷರ ಅಕ್ಷರವೂ ನಿಜವಾಗಿಬಿಟ್ಟಿತ್ತು. ಅವ್ವನ ಮುಖದಲ್ಲಿ ನಿರಾಳ. ನಾನೂ ನಕ್ಕಿರಬೇಕು.

ನಗು ಇಳಿದ ಮೇಲೆ ಅಕ್ಕನ ಮಾವ ಹೇಳಿದ: “ಆತು, ಕರಕೊಂಡ ಹೋಗ್ತೇವಿ. ಆದ್ರ ನಮ್ಮ ಮನ್ಯಾಗಿನ ಹೆಣ್ಣಮಕ್ಕಳದ್ದು ಒಂದು ಮಾತೈತಿ. ಮಠದಾಗ ಆಕಿಗೆ ಹೊಸದಾಗಿ ದೀಕ್ಷಾ ಆಗಬೇಕು. ಲಿಂಗ ಕಟ್ಟಿದ ಎದಿನ ಸರಿ ಇಲ್ಲ ಅಂದ್ರ ಹ್ಯಾಂಗ? ಮತ್ತ ನಾಕ ಮಂದಿ ಮುತ್ತೈದ್ಯಾರ ಕೂಡಿದಲ್ಲೆ ಆಕಿ ಮುಂದ ಬರಬಾರದು. ಇಷ್ಟ.”

“ಅದೇನ ದೊಡ್ಡ ಮಾತ ಬಿಡ್ರಿ” ಎಂದ ಅಪ್ಪ.

ರೊಟ್ಟಿಯ ಸಪ್ಪಳ ನಿಂತಿತು. ಅಕ್ಕ ಕೈಯ ಹಿಟ್ಟನ್ನು ನಾದುವ ಕೊಣಮಿಗೆಯ ಅಂಚಿಗೆ ಒರೆಸಿ ಎದ್ದಳು. ಅವ್ವ ಸೆರಗು ಹಿಡಿದು ಎಳೆದಳು, ನಿಲ್ಲಲಿಲ್ಲ. ಪಡಸಾಲೆಯ ಹೊಸ್ತಿಲಿಗೆ ಹೋಗಿ ನಿಂತಳು.

“ಮಾವಾರ, ಒಂದ ಮಾತ ಕೇಳಲ್ರಿ?” ಎಂದಳು. ದನಿ ಏರಿರಲಿಲ್ಲ. “ನೀವು ದಿನಾ ಪೂಜಾಕ್ಕ ಕುಂತಾಗ ಲಿಂಗ ಯಾವ ಕೈಯಾಗ ಇಟ್ಕೋತೀರಿ?”

“ಇದೇನ ಪ್ರಶ್ನಿ? ಎಡಗೈಯಾಗ.”

“ದೇವರಿಗೆ ಎಡಾ ನಡೀತೈತಿ. ನನ್ನ ಗುಂಡಿಗಿಗೆ ಬಲಾ ನಡ್ಯಂಗಿಲ್ಲೇನ್ರಿ?”

ಯಾರೂ ನಗಲಿಲ್ಲ. ಅವಳ ಮಾತು ಇಷ್ಟು ಅಚ್ಚುಕಟ್ಟಾಗಿತ್ತೇ? ಇಷ್ಟು ವರ್ಷ ಮನಸ್ಸಿನಲ್ಲಿ ಉಜ್ಜಿ ಉಜ್ಜಿ ನಾನೇ ಅದಕ್ಕೆ ಹೊಳಪು ತಂದಿದ್ದೇನೆಯೇ? ಅಕ್ಕನನ್ನು ಕೇಳಿದರೆ, “ಏನೋ ಅಂದಿದ್ನಿ, ಸಿಟ್ಟಿನಾಗ” ಎನ್ನುತ್ತಾಳೆ. ಆದರೆ ಅದರ ಹಿಂದೆಯೇ ಅವಳು ಆಡಿದ ಮಾತಿನಲ್ಲಿ ನನ್ನ ಕೈವಾಡವಿಲ್ಲ, ಅದು ನನಗೆ ಖಾತ್ರಿಯಿದೆ: “ನಾ ಬರಂಗಿಲ್ಲರಿ. ಊಟಾ ಮಾಡಿ ಹೋಗ್ರಿ.”

ಅವರು ಊಟ ಮಾಡದೆ ಹೋದರು.

ಅಪ್ಪನ ಸಿಟ್ಟು ಅವರ ಮೇಲೆ ತಿರುಗಲಿಲ್ಲ. “ಗೆದ್ದ ನ್ಯಾಯಾನ ಕೆಡಿಸಿ ಇಟ್ಟಿ” ಎಂದು ಗಾಡಿಯಲ್ಲಿ ಊರ ತನಕ ಗೊಣಗಿದ. ಅವನು ಗೆದ್ದಿದ್ದನಂತೆ. ಏನನ್ನು ಗೆದ್ದಿದ್ದ? ಮಗಳು ಇನ್ನೊಬ್ಬರ ಮನೆಯ ಹಿಂಬಾಗಿಲಲ್ಲಿ ನಿಂತು ಬದುಕುವ ಹಕ್ಕನ್ನು, ಒಂದು ಚಮತ್ಕಾರದ ಮಾತಿನಿಂದ. ಮಿರಜದ ಡಾಕ್ಟರು ಹೇಳಿದ ‘ತೊಂದರೆಯಿಲ್ಲ’ ಎಂಬುದನ್ನು ಆ ಪಡಸಾಲೆಯಲ್ಲಿ ಯಾರೂ ಎತ್ತಲಿಲ್ಲ. ಮಗನನ್ನು ಕರೆತನ್ನಿ ಎಂದದ್ದನ್ನು ಯಾರೂ ಎತ್ತಲಿಲ್ಲ. ಅಪ್ಪನಿಗೆ ಎರಡೂ ಗೊತ್ತಿತ್ತು. ಅಕ್ಕನೇ ಅಂಗಳದಲ್ಲಿ ನಿಂತು ಹೇಳಿದ್ದಳು. ಸಾಲಾಗಿ ಕೂತ ಗಂಡಸರ ಮುಂದೆ ಇನ್ನೊಬ್ಬನ ಮಗನ ಮಾತೆತ್ತಲು ಅವನಿಗೆ ಎದೆ ಬಲ ಇರಲಿಲ್ಲ. ಈ ಸಾಲನ್ನು ಬರೆದು ಹೊಡೆದುಹಾಕಿದ್ದೆ. ಮತ್ತೆ ಬರೆದಿದ್ದೇನೆ, ಇರಲಿ.

ಇನ್ನೊಂದಿದೆ. ನಾನು ಧಾರವಾಡದಿಂದ ರಜೆಗೆ ಬಂದಾಗ, ಆ ಪುಸ್ತಕದಲ್ಲಿ ಓದಿದ್ದನ್ನು ಅವ್ವನಿಗೆ ವಿವರಿಸುತ್ತಿದ್ದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸದೆಯೇ ಹೇಳಿದಳು: “ಆ ಜ್ವರದ ಡಾಕ್ಟರ ಬಲಕ್ಕ ಅಂದಿದ್ದ.”

“ಏನ್ ಅಂದಿ?”

“ಬಲ ಐತಿ ಅಲ್ಲ, ಬಲಕ್ಕ ಐತಿ. ನಾ ಬಾಜೂಕ ನಿಂತಿದ್ನಿ. ನಿಮ್ಮಪ್ಪ ಬಲ ಐತಿ ಅಂತ ಊರಿಗೆಲ್ಲಾ ಹೇಳ್ಕೋತ ಹ್ವಾದ.”

“ಮತ್ತ ನೀ ಯಾಕ ಹೇಳಲಿಲ್ಲ?”

“ಯಾರ ಕೇಳಿದ್ರು?” ಎಂದಳು. ಹೊಟ್ಟು ಹಾರಿಸಿದಳು.

ಒಂದು ‘ಕ್ಕ’. ಇಷ್ಟಕ್ಕೂ ಕಾರಣ ಅಷ್ಟೇ. ಅದನ್ನು ನುಂಗಿದ್ದು ಮರಾಠಿಯವನ ನಾಲಗೆಯೋ, ಅಪ್ಪನ ಕಿವಿಯೋ? ಅಥವಾ ಅಪ್ಪ ಸರಿಯಾಗಿಯೇ ಕೇಳಿ, ಮುಂದೆ ಮದುವೆಯ ಮಾತು ಬರುತ್ತದೆಂದು ಅಲ್ಲೇ ಕತ್ತರಿಸಿದನೋ? ಹಾಗಿದ್ದರೆ ಅಂಗಳದ ‘ಬಲಕ್ಕ ಅಂದ್ರ?’ ಕೂಡ ನಾಟಕವೇ. ಅಥವಾ ಅವ್ವ, ಎಲ್ಲ ಗೊತ್ತಾದ ಮೇಲೆ, ಕುದುರೆಯನ್ನು ನಾನು ಹುಟ್ಟಿಸಿಕೊಂಡ ಹಾಗೆ ಆ ‘ಕ್ಕ’ವನ್ನು ಹುಟ್ಟಿಸಿಕೊಂಡಳೋ? ಬಿ.ಎ. ಓದಿ ನಾನು ಕಲಿತದ್ದು ಇಂಥ ಪ್ರಶ್ನೆಗಳನ್ನು ಸಾಲಾಗಿ ಬರೆಯುವುದನ್ನು ಮಾತ್ರ. ಉತ್ತರ ಸಿಗುವುದಿಲ್ಲ. ಸಿಗದಿದ್ದರೂ ಸಿಟ್ಟು ಕಡಿಮೆಯಾಗುವುದಿಲ್ಲ. ತಿಳಿಯದೆ ತಪ್ಪಿದ್ದರೆ ಒಂದು ಬಗೆಯ ಸಿಟ್ಟು, ತಿಳಿದು ತಪ್ಪಿದ್ದರೆ ಇನ್ನೊಂದು ಬಗೆಯದು. ನನಗೆ ಎರಡೂ ಇವೆ.

ಅವ್ವ ಹೇಳಿದ್ದನ್ನು ಅಕ್ಕನಿಗೆ ಹೇಳಿದೆ. ಅವಳು ಬೆಚ್ಚಲಿಲ್ಲ.

“ಬಲಕ್ಕೈತಿ ಅಂತ ನಂಗ ಸಣ್ಣಾಕಿ ಇದ್ದಾಗಿಂದ ಗೊತ್ತಿತ್ತ ಬಿಡ” ಎಂದಳು. “ಬಲಮಗ್ಗಲಾಗಿ ಮಲಗಿದ್ರ ಚಾಪಿಗೆ ಧಡಧಡ ಬಡಿತಿತ್ತು. ಎಲ್ಲಾರಿಗೂ ಅಲ್ಲೇ ಇರ್ತೈತಿ ಅಂತ ತಿಳದಿದ್ನಿ.”

ಡಾಕ್ಟರ, ಅಪ್ಪ, ಬೀಗರು, ಅತ್ತೆ ಇಷ್ಟೂ ಜನ ಆ ಎದೆಯ ಬಗ್ಗೆ ಮಾತಾಡಿದ್ದರು. ಅದರ ಒಡತಿಯನ್ನು ಒಬ್ಬರೂ ಕೇಳಿರಲಿಲ್ಲ.

ಅಷ್ಟು ಹೊತ್ತಿಗೆ ಅಕ್ಕ ಕೌಜಲಗಿಯ ಸೊಸೆ. ಹುಕ್ಕೇರಿಯವನು ಬೇರೆ ಮದುವೆಯಾದ. ಅವನಿಗೆ ಮಕ್ಕಳಾದವೋ ಇಲ್ಲವೋ ನಾನು ವಿಚಾರಿಸಿಲ್ಲ, ವಿಚಾರಿಸುವ ಆಸೆ ಬಂದಾಗಲೆಲ್ಲ ನಾಚಿಕೆಯಾಗುತ್ತದೆ. ಆ ಸಂಬಂಧದಿಂದ ಅಕ್ಕನಿಗೆ ಬಿಡುಗಡೆಯಾದ ಮೇಲೆ ಕೌಜಲಗಿಯ ಒಬ್ಬ ಒಕ್ಕಲಿಗ, ಹೆಂಡತಿ ಸತ್ತವನು, ಉಡಿಕೆಗೆ ಕೇಳಿ ಬಂದ. ನಮ್ಮಲ್ಲಿ ಉಡಿಕೆ ಎಂದರೆ ಬಾಜಾ ಇಲ್ಲ, ಹಂದರವಿಲ್ಲ, ಹೊಸ ಸೀರೆ ಉಡಿಸಿ ಕರೆದೊಯ್ಯುವ ಎರಡನೆಯ ಮದುವೆ. ಈ ಸಲ ಅಕ್ಕ ಅಪ್ಪನಿಗೆ ಬಾಯಿ ತೆರೆಯಲು ಬಿಡಲಿಲ್ಲ. ತಾನೇ ಬಾಗಿಲಿಗೆ ಬಂದು ಅವನಿಗೆ ಹೇಳಿದಳು: “ನನ್ನ ಗುಂಡಿಗಿ ಬಲಗಡೆ ಐತಿ. ಬಲಗಡೆ. ತಿಳೀತ್ರಿ?”

ಅವನು ಸಂತೆಯಲ್ಲಿ ಎತ್ತಿನ ಮಗ್ಗಲು ನೋಡುವವನ ಹಾಗೆ ಯೋಚಿಸಿ, “ಎತ್ತಿನ ಬಲಗಡೇನೋ, ಎದುರಿಗೆ ನಿಂತಾಂವನ ಬಲಗಡೇನೋ?” ಎಂದ.

“ಎತ್ತಿಂದು.”

“ತಿಳೀತು” ಎಂದ. ಅಕ್ಕ ಆ ವರ್ಷದಲ್ಲಿ ಮೊದಲ ಸಲ ನಕ್ಕದ್ದು ಅಂದು.

ಅವಳ ಚೊಚ್ಚಲ ಬಾಣಂತನ ಕುಲಗೋಡದಲ್ಲೇ ಆಯಿತು. ನಾನು ರಜೆಯಲ್ಲಿದ್ದೆ. ಒಂದು ಬೆಳಿಗ್ಗೆ ಕೂಸಿಗೆ ಎರೆದು ಒರೆಸಿ ಮಡಿಲಲ್ಲಿ ಮಲಗಿಸಿಕೊಂಡ ಅಕ್ಕ, ಬಗ್ಗಿ ಅದರ ಪುಟ್ಟ ಎದೆಗೆ ಕಿವಿ ಹಚ್ಚಿದಳು. ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. “ನೀ ಕೇಳ” ಎಂದು ನನಗೂ ಕೇಳಿಸಿದಳು. ಸದ್ದು ಎಡಕ್ಕೆ ಸ್ಪಷ್ಟವಾಗಿತ್ತು, ಗುಬ್ಬಿ ಕುಪ್ಪಳಿಸಿದ ಹಾಗೆ. ನಾನು ಎಡಗಡೆ ಬೆರಳಿಟ್ಟೆ. ಅವಳು ತಲೆಯಾಡಿಸಿದಳು.

ಅಪ್ಪ ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಮೂಡಲಗಿಯ ಆ ದಿನದಿಂದ ಅವನೂ ಅಕ್ಕನೂ ಅಗತ್ಯವಿದ್ದಷ್ಟೇ ಮಾತಾಡುತ್ತಿದ್ದರು. ಕೈಯಲ್ಲಿದ್ದ ರುಮಾಲನ್ನು ಹಿಂಡುತ್ತ ಕೇಳಿದ: “ಹ್ಯಾಂಗೈತಿ, ಕೂಸಿನ ಎದಿ?”

ಅಕ್ಕ ಕೂಸಿಗೆ ಅಂಗಿ ಹಾಕಿದಳು. ಒಂದೊಂದೇ ಗುಂಡಿ ಹಾಕಿದಳು.

“ಬಲ ಐತ್ರಿ ಅಪ್ಪಾ” ಎಂದಳು.

ಅಪ್ಪ ಅವಳ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ನಾನು ಹೇಳುತ್ತೇನೆಂದು ಕಾದನೇನೋ. ನಾನು ಹೇಳಲಿಲ್ಲ. ಯಾವ ಬಲ ಎಂದು ಅವನು ಕೇಳಬಹುದಿತ್ತು, ಕೇಳಲಿಲ್ಲ. ರುಮಾಲು ಸುತ್ತಿಕೊಂಡು ಹೊಲಕ್ಕೆ ಹೋದ.